ಹದಿನೆಂಟನೆಯವನ ಪಕ್ಕೆಲುಬು

ಜೀವಮಾನದಲ್ಲಿ ನನ್ನ ಮುಖಕ್ಕೆ ಗುದ್ದು ಬಿದ್ದದ್ದು ಒಂದೇ ಸಲ. ನಾನು ಹೊಲಿದ ಪ್ಯಾಂಟು, ನೆಂಟರಿಷ್ಟರೆಲ್ಲ ನೋಡುತ್ತಿರುವಾಗಲೇ, ಮದುಮಗನ ಹಿಂಭಾಗದಲ್ಲಿ ಪರ್ರೆಂದು ಬಿರಿದಿತ್ತು. ಮಾರನೆಯ ದಿನ ಅವನು ಅಂಗಡಿಗೆ ಬಂದು ಮಾತಿಲ್ಲದೆ ಒಂದು ಕೊಟ್ಟು ಹೋದ. ಬಾಕ್ಸಿಂಗಿನಲ್ಲಿ ನನ್ನ ಒಟ್ಟು ಅನುಭವ ಅಷ್ಟೇ. ಇಂಥ ನಾನು ಎಂಟು ವರ್ಷ ಒಬ್ಬ ಹೆವಿವೇಟ್ ಬಾಕ್ಸರನಿಗೆ ಎದುರಾಳಿಗಳನ್ನು ಆರಿಸಿ ಕೊಟ್ಟೆ ಎಂದರೆ ನಗುವವರು ನಗಲಿ. ನಾನೂ ಆಗಾಗ ನಗುತ್ತೇನೆ.

ಆ ಬಾಕ್ಸರ್ ನನ್ನ ಭಾವ, ಅಕ್ಕನ ಗಂಡ. ಆರಡಿ ಮೂರಂಗುಲ, ನೂರಹನ್ನೆರಡು ಕಿಲೋ. ಹೊಟ್ಟೆಪಾಡಿಗೆ ಮನೆ ಸಾಮಾನು ಸಾಗಿಸುವ ಕೆಲಸ. ಫ್ರಿಜ್ಜನ್ನು ಪಟ್ಟಿಯಿಂದ ಬೆನ್ನಿಗೆ ಬಿಗಿದುಕೊಂಡು ನಾಲ್ಕು ಮಹಡಿ ಹತ್ತುತ್ತಾರೆ, ಹತ್ತಿದ ಮೇಲೆ "ಯಾವ ಗೋಡೆಗೆ ಒರಗಿಸ್ಬೇಕು?" ಎಂದು ವಿನಯವಾಗಿ ಕೇಳುತ್ತಾರೆ. ಮನುಷ್ಯ ಅಷ್ಟು ಸಾಧು. ರಿಂಗಿನಲ್ಲಿ ಮಾತ್ರ ಬಲಗೈ ಬೀಸಿದರೆಂದರೆ ನೋಡುವ ನಾವೇ ತಲೆ ತಗ್ಗಿಸಿಕೊಳ್ಳುತ್ತಿದ್ದೆವು.

ನನ್ನದು ಹೊಲಿಗೆ ಅಂಗಡಿ. ಒಂದು ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ಉದ್ದ ಕನ್ನಡಿ, ಅದರ ಮುಂದೆ ಅಳತೆ ಕೊಡುವವರು ನಿಲ್ಲಲು ಒಂದು ಕುಳ್ಳ ಸ್ಟೂಲು. ಹೆವಿವೇಟ್ ಬಾಕ್ಸರುಗಳ ಸೊಂಟಕ್ಕೆ ಸರಿಹೊಂದುವ ಚಡ್ಡಿ ಯಾವ ಅಂಗಡಿಯಲ್ಲೂ ಸಿದ್ಧ ಸಿಗುವುದಿಲ್ಲ. ಹೊಳೆಯುವ ಸ್ಯಾಟಿನ್ ಬಟ್ಟೆಯಲ್ಲಿ, ಅಗಲ ಪಟ್ಟಿ ಇಟ್ಟು, ಬಗ್ಗಿದರೂ ಬಿರಿಯದಂತೆ ಹೊಲಿಯುವವನು ನಾನೊಬ್ಬನೇ. ಮದುಮಗನ ಪಾಠ ಅಷ್ಟು ಚೆನ್ನಾಗಿ ತಲೆಗೆ ಹತ್ತಿತ್ತು. ಹೀಗಾಗಿ ಸುತ್ತಮುತ್ತಲ ಹೆವಿವೇಟ್ ಆಳುಗಳೆಲ್ಲ ಒಂದಲ್ಲ ಒಂದು ದಿನ ನನ್ನ ಸ್ಟೂಲಿನ ಮೇಲೆ ನಿಂತವರೇ. ಸ್ಟೂಲು ಎರಡು ಸಲ ಮುರಿದು ಈಗ ಕಬ್ಬಿಣದ ಕಾಲು ಹಾಕಿಸಿಕೊಂಡಿದೆ.

ಮೊದಲ ಎರಡು ಪಂದ್ಯಗಳಿಗೆ ಎದುರಾಳಿಗಳನ್ನು ಆರಿಸಿದವರು ಭಾವನ ಕೋಚ್. ಒಂದು ಕಿವಿ ಕೇಳದ, ಇನ್ನೊಂದು ಕಿವಿಯಲ್ಲಿ ಬೇಕಾದ್ದಷ್ಟೇ ಕೇಳಿಸಿಕೊಳ್ಳುವ ಹಿರಿಯರು. ಗಂಡಸಾದವನು ಯಾರು ಬಂದರೂ ಎದುರಿಸಬೇಕು ಎಂಬ ಸಿದ್ಧಾಂತದವರು. ಎರಡನೆಯ ಪಂದ್ಯವನ್ನು ಭಾವ ಗೆದ್ದರು. ಆದರೆ ಗೆದ್ದವರನ್ನು ಇಬ್ಬರು ಎತ್ತಿಕೊಂಡು ಮನೆಗೆ ತಂದರು. ಮಾರನೆಯ ಬೆಳಿಗ್ಗೆ ಅಕ್ಕ ಅಂಗಡಿಗೆ ಬಂದು, ರಕ್ತ ಒಣಗಿ ರಟ್ಟಿನಂತಾಗಿದ್ದ ಚಡ್ಡಿಯನ್ನು ನನ್ನ ಯಂತ್ರದ ಮೇಲೆ ಎಸೆದಳು.

"ಇದನ್ನ ಹೊಲಿದೋನು ನೀನು," ಎಂದಳು. "ಇನ್ಮೇಲೆ ಇದರ ಎದುರಿಗೆ ಯಾರು ನಿಲ್ಬೇಕು ಅಂತ ನೋಡೋನೂ ನೀನೇ."

"ಅಕ್ಕ, ನನಗೆ ಬಾಕ್ಸಿಂಗ್ ಗೊತ್ತಿಲ್ವಲ್ಲ."

"ಅದಕ್ಕೇ ನಿನಗೆ ಹೇಳ್ತಿರೋದು. ಗೊತ್ತಿರೋರು ಮಾಡಿದ್ದು ನೋಡಿದ್ದಾಯ್ತು. ನಿನ್ನ ಭಾವ ಗೆದ್ರೆ ಸಂತೋಷ, ಸೋತ್ರೆ ಪೀಡೆ ಹೋಯ್ತು. ನಡ್ಕೊಂಡು ಮನೆಗೆ ಬರ್ಬೇಕು. ಅಷ್ಟೇ ನಾನು ಕೇಳೋದು."

ಅಕ್ಕನ ಮಾತಿಗೆ ಎದುರಾಡುವ ಧೈರ್ಯ ನನಗೆ ಚಿಕ್ಕಂದಿನಿಂದಲೂ ಇಲ್ಲ. ಕೋಚ್ ಕೂಡ ಒಪ್ಪಿಕೊಂಡರು. ಅವರ ಕೇಳುವ ಕಿವಿಯಲ್ಲಿ ಅಕ್ಕ ಏನು ಹೇಳಿದಳೋ, ಈವರೆಗೂ ಇಬ್ಬರೂ ಬಾಯಿಬಿಟ್ಟಿಲ್ಲ.

ಬಾಕ್ಸರ್ ಎಂದರೆ ಯಾರು ಬಂದರೂ ತೊಡೆ ತಟ್ಟುವವನು ಎಂದು ಜನ ತಿಳಿದಿದ್ದಾರೆ. ತೊಡೆ ತಟ್ಟುವುದೆಲ್ಲ ಪೋಸ್ಟರಿನಲ್ಲಿ. ಪೋಸ್ಟರ್ ಅಂಟಿಸುವುದಕ್ಕೆ ಮೂರು ತಿಂಗಳ ಮುಂಚೆ ನನ್ನಂಥ ಒಬ್ಬ ಪುಕ್ಕಲ ಚಹಾ ಕುಡಿಯುತ್ತ, ಹಾವೂ ಸಾಯಬೇಕು ಕೋಲೂ ಮುರಿಯಬಾರದು ಎಂದು ತಲೆ ಕೆಡಿಸಿಕೊಂಡಿರುತ್ತಾನೆ. ತೀರಾ ಬಡಪಾಯಿಯನ್ನು ತಂದರೆ ಜನ ಕೂಗಾಡುತ್ತಾರೆ, ಆ ಗೆಲುವನ್ನು ಬಾಕ್ಸರುಗಳ ಶ್ರೇಯಾಂಕ ಪಟ್ಟಿ ಮಾಡುವವರೂ ಗಣನೆಗೆ ತೆಗೆದುಕೊಳ್ಳುವುದಿಲ್ಲ. ಗಟ್ಟಿಗನನ್ನು ತಂದರೆ ಅಕ್ಕನಿಗೆ ನಾನು ಉತ್ತರ ಹೇಳಬೇಕು. ಆಳಿಗೆ ಹೆಸರು ಉಳಿದಿರಬೇಕು, ಕಾಲಿನ ಕಸುವು ಹೋಗಿರಬೇಕು. ಹೋದ ತಿಂಗಳು ಬೇರೆ ಕಡೆ ಒದೆ ತಿಂದವನು ಒಳ್ಳೆಯವನು. ಎರಡು ವರ್ಷ ಮನೆಯಲ್ಲಿ ಕೂತು ಸೊಂಟ ಬೆಳೆಸಿದವನು ಇನ್ನೂ ಒಳ್ಳೆಯವನು. ಎಡಚನನ್ನು ಮಾತ್ರ ಹತ್ತಿರ ಸೇರಿಸಬಾರದು. ಅವನ ಪೆಟ್ಟೆಲ್ಲ ಬರಬಾರದ ಕಡೆಯಿಂದ ಬರುತ್ತದೆ. ಎಡಚ ಎಂದರೆ ಯಾವ ತಂಡದವನಾದರೂ ಫೋನು ಇಟ್ಟುಬಿಡುತ್ತಾನೆ.

ಇದಿಷ್ಟು ಈ ಕಸುಬಿನವರಿಗೆಲ್ಲ ಗೊತ್ತು. ನನಗೆ ಮಾತ್ರ ಸಿಕ್ಕಿದ ಒಂದು ಗುಟ್ಟಿತ್ತು. ಅದು ಟೇಪು. ತರಬೇತಿ ನೋಡಲು ಹೋದರೆ ಆಳು ಜಂಬದ ಕೋಳಿಯಾಗುತ್ತಾನೆ. ಟೇಪು ಹಿಡಿದು ಹತ್ತಿರ ಹೋದರೆ, ಎಂಥವನೂ ಕೈ ಎತ್ತಿ ಸುಮ್ಮನೆ ನಿಲ್ಲುತ್ತಾನೆ. ಭುಜದ ಅಳತೆ ತೆಗೆಯುವಾಗ ಒಂದು ಭುಜ ಮೇಲೇಳಲಿಲ್ಲವೋ, ಕೀಲು ಜಾರಿದೆ. ತೊಡೆಯ ಸುತ್ತಳತೆ ಒಂದು ಕಡೆ ಕಮ್ಮಿ ಬಂದರೆ ಆ ಮೊಣಕಾಲನ್ನು ಅವನು ಊರುತ್ತಿಲ್ಲ. ಪಕ್ಕೆಗೆ ಟೇಪು ತಗುಲಿದ ಕೂಡಲೇ ಉಸಿರು ಬಿಗಿ ಹಿಡಿದನೋ, ಒಳಗೆ ಪಕ್ಕೆಲುಬು ಬಿರುಕು ಬಿಟ್ಟಿದೆ. ಅಳತೆ ಪುಸ್ತಕದಲ್ಲಿ ಅಂಥ ಜಾಗದ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಒಂದು ಚುಕ್ಕೆ. ಆಮೇಲೆ ಅವನ ಕಡೆಯವರಿಗೆ ಒಂದು ಫೋನು. "ನಿಮ್ಮವರ ಅನುಭವಕ್ಕೆ ನಮಗೆ ತುಂಬಾ ಗೌರವ" ಎಂದು ಶುರುಮಾಡುತ್ತಿದ್ದೆ. ಸುಳ್ಳಲ್ಲ ಅದು. ಕೆಂಪು ಚುಕ್ಕೆಗಳ ಮೇಲೆ ನನಗೆ ನಿಜಕ್ಕೂ ಗೌರವವಿತ್ತು.

ಅಳತೆ ಕೊಡಲು ಬಂದವನ ಮೈಯಿಂದ ಇಂಥ ಸುದ್ದಿ ಕದಿಯುವುದು ದ್ರೋಹ ಅಲ್ಲವೇ ಎಂದು ನೀವು ಕೇಳಬಹುದು. ದ್ರೋಹವೇ. ಅದನ್ನು ಮುಚ್ಚಿಕೊಳ್ಳಲು ಅವರ ಚಡ್ಡಿಗಳಿಗೆ ಎರಡೆರಡು ಹೊಲಿಗೆ ಜಾಸ್ತಿ ಹಾಕುತ್ತಿದ್ದೆ.

ಹೀಗೆ ಹದಿನೈದು ಮಂದಿಯನ್ನು ಆರಿಸಿದೆ. ಹದಿನೈದೂ ಗೆಲುವು. ಕೋಚ್ ಕಾಲದ ಎರಡು ಸೇರಿ ಹದಿನೇಳು. ಭಾವ ಪ್ರತಿ ಸಲವೂ ನಡೆದುಕೊಂಡೇ ಮನೆಗೆ ಬಂದರು. ಕೆಲವು ಸಲ ದಾರಿಯಲ್ಲಿ ತರಕಾರಿ ಕೊಂಡು ತಂದದ್ದೂ ಉಂಟು. ಭಾವ ತಮ್ಮ ಬಲಗೈಯ ಪ್ರತಾಪದಿಂದ ಗೆಲ್ಲುತ್ತಿದ್ದೇನೆ ಎಂದುಕೊಂಡಿದ್ದಾರೆ, ಪಾಪ, ನನ್ನ ಟೇಪಿನ ಪ್ರತಾಪ ಅವರಿಗೇನು ಗೊತ್ತು, ಎಂದು ನಾನು ಯಂತ್ರ ತುಳಿಯುತ್ತ ಮೀಸೆಯೊಳಗೇ ನಗುತ್ತಿದ್ದೆ.

ಭಾವನಿಗೆ ಮೂವತ್ತಾರು ತುಂಬಿತು. ಆಗ ಪಂದ್ಯ ಏರ್ಪಡಿಸುವವನಿಂದ ಸುದ್ದಿ ಬಂತು. ಇನ್ನೊಂದು ಗೆದ್ದು ಹದಿನೆಂಟು ಮಾಡಿದರೆ ಚಾಂಪಿಯನ್ ಪಟ್ಟದ ಪಂದ್ಯ ಭಾವನಿಗೆ. ಆ ಪಂದ್ಯ ಆಡಿ, ಗೆಲ್ಲಲಿ ಬಿಡಲಿ, ಗ್ಲೌಸನ್ನು ಗೋಡೆಗೆ ನೇತುಹಾಕುವುದೆಂದು ಅಕ್ಕನೂ ಭಾವನೂ ಮಾತಾಡಿಕೊಂಡಿದ್ದರು. ಆದರೆ ಹದಿನೆಂಟನೆಯದರಲ್ಲೇ ಸೋತರೆ ಈ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಬರುವುದಿಲ್ಲ. ಅಂದರೆ ಹದಿನೆಂಟನೆಯವನನ್ನು ನಾನು ಸರಿಯಾಗಿ ಆರಿಸಬೇಕಿತ್ತು, ಇನ್ನೇನಿಲ್ಲ.

ಆಗ ಚಡ್ಡಿಯ ಅಳತೆ ಕೊಡಲು ಬಂದವನೇ ಹಾಲಿನ ಲಾರಿ. ಹಾಲಿನ ಲಾರಿ ಓಡಿಸುತ್ತಿದ್ದ, ರಿಂಗಿನಲ್ಲೂ ಅದೇ ಹೆಸರು. ಒಂದು ಕಾಲಕ್ಕೆ ದೊಡ್ಡ ಹೆಸರು. ಈಚೆಗೆ ನಾಲ್ಕು ಪಂದ್ಯ ಸೋತಿದ್ದ. ಸೊಂಟ ಎರಡಂಗುಲ ಹೆಚ್ಚಾಗಿತ್ತು. ನನ್ನ ಬಾಯಲ್ಲಿ ನೀರೂರಿತು. ಎದೆಯ ಸುತ್ತ ಟೇಪು ತಂದು ಎಡಪಕ್ಕೆಗೆ ಬೆರಳು ತಗುಲಿತೋ ಇಲ್ಲವೋ, ಆಸಾಮಿ ಹಕ್ಕೆಂದು ಉಸಿರು ಎಳೆದು ಹಾಗೇ ನಿಲ್ಲಿಸಿಬಿಟ್ಟ. ಮುಖ ಕೆಂಪಾಯಿತು. ತುಟಿ ಕಚ್ಚಿಕೊಂಡ. ಕಣ್ಣಲ್ಲಿ ನೀರು.

"ನೋವಿದ್ಯಾ?" ಎಂದೆ ಮೆಲ್ಲಗೆ.

ಅವನು ತಲೆಯನ್ನು ಜೋರಾಗಿ ಅಲ್ಲಾಡಿಸಿದ. "ಇಲ್ಲ, ಇಲ್ಲ. ಬೇಗ ಮುಗಿಸಿ."

ನೋವಿಲ್ಲದವನು ಇಲ್ಲ ಎಂದು ಒಂದು ಸಲ ಹೇಳುತ್ತಾನೆ, ನೋವಿರುವವನು ಎರಡು ಸಲ. ಇದು ನನ್ನ ಸ್ವಂತ ಸಂಶೋಧನೆ. ಅವನು ಹೋದ ಕೂಡಲೇ ಎಡಪಕ್ಕೆಗೆ ಎರಡು ಕೆಂಪು ಚುಕ್ಕೆ ಇಟ್ಟೆ. ಅವನ ಪರವಾಗಿ ಮಾತಾಡುವ ಅಣ್ಣನಿಗೆ ಫೋನು ಮಾಡಿ ನನ್ನ ಗೌರವ ತಿಳಿಸಿದೆ. ಅವನು ಅಲ್ಲೇ, ನಿಂತ ಕಾಲಲ್ಲೇ, ಒಪ್ಪಿಕೊಂಡ. ಅಷ್ಟು ಬೇಗ ಒಪ್ಪಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಗಲಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ, ಆ ಹೊತ್ತಿಗೆ ನಾನು ಪಟ್ಟದ ಪಂದ್ಯಕ್ಕೆ ಯಾವ ಬಣ್ಣದ ಸ್ಯಾಟಿನ್ ಎಂದು ಯೋಚಿಸುತ್ತಿದ್ದೆ.

ಭಾವನಿಗೆ ಎರಡು ತಿಂಗಳು ಕೋಚ್ ಕೈಯಲ್ಲಿ ಎಡಪಕ್ಕೆಗೆ ಹೊಡೆಯುವ ಅಭ್ಯಾಸವನ್ನೇ ಮಾಡಿಸಿದೆ.

ಪಂದ್ಯದ ಹಿಂದಿನ ದಿನ ಬೆಳಿಗ್ಗೆ ತೂಕ, ಡಾಕ್ಟರ್ ತಪಾಸಣೆ. ಪಂದ್ಯ ನಡೆಯುವ ಸಭಾಂಗಣದ ಪಕ್ಕದ ಕೋಣೆ. ಗೋಡೆಗುಂಟ ಮಡಿಸುವ ಕುರ್ಚಿಗಳು, ನಡುವೆ ತೂಕದ ಯಂತ್ರ. ಭಾವನದು ಮುಗಿಸಿ ಕಳಿಸಿ, ನಾನು ಚಡ್ಡಿಯ ಗಂಟು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಹಾಲಿನ ಲಾರಿ ಅಂಗಿ ತೆಗೆದು ನಿಂತ. ಡಾಕ್ಟರು ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟರು, ಬೆನ್ನಿಗಿಟ್ಟರು, ಎಡಪಕ್ಕೆಗೆ ಇಟ್ಟರು. ನೂರಿಪ್ಪತ್ತು ಕಿಲೋದ ಆ ಆಳು ಕಿಸಕ್ಕೆಂದು ನಕ್ಕು, ಎರಡಾಗಿ ಮಡಿಸಿಕೊಂಡು, ತೂಕದ ಯಂತ್ರ ಹಿಡಿದು ಕೂತುಬಿಟ್ಟ.

"ಅಲ್ಲಿ ಮುಟ್ಬೇಡಿ ಡಾಕ್ಟ್ರೇ," ಎಂದ ಕಣ್ಣೊರೆಸಿಕೊಳ್ಳುತ್ತ. "ಚಿಕ್ಕಂದಿನಿಂದ ಅಲ್ಲಿ ಕಚಗುಳಿ. ಅವತ್ತು ಟೈಲರ್ ಮುಟ್ಟಿದಾಗ ನಗು ತಡ್ಕೊಳ್ಳೋಕೆ ಹೋಗಿ ಜೀವ ಹೋಗಿತ್ತು."

ಅಲ್ಲಿದ್ದವರೆಲ್ಲ ನಕ್ಕರು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅವನ ಅಣ್ಣ ನನ್ನ ಪಕ್ಕಕ್ಕೆ ಬಂದು ವಿಶ್ವಾಸದಿಂದ ಭುಜದ ಮೇಲೆ ಕೈ ಹಾಕಿದ.

"ನಿಮ್ಮ ಫೋನು ಬರೋಕೆ ಮುಂಚೆನೇ ನಿಮ್ಮ ಭಾವನ ಹದಿನೇಳು ಪಂದ್ಯಾನೂ ಕೂತು ನೋಡಿದ್ವಿ," ಎಂದ. "ಯಾರನ್ನೆಲ್ಲ ಹೊಡೆದಿದ್ದಾರೆ ಅಂತ ನೋಡಿದ ಮೇಲೇ ಇವನು ಹೂಂ ಅಂದಿದ್ದು. ಹಿಂದಿನ ನಾಲ್ಕು ಪಂದ್ಯಕ್ಕೆ ನಾಲ್ಕೇ ದಿನ ಮುಂಚೆ ಕರೆದಿದ್ರು, ಲಾರಿ ಇಳಿದು ನೇರ ರಿಂಗ್ ಹತ್ತಿದ್ದ. ನೀವು ಪುಣ್ಯಾತ್ಮರು, ಎರಡು ತಿಂಗಳು ಕೊಟ್ರಿ."

ನಾನು ಅವರನ್ನು ಆರಿಸುತ್ತಿರುವಾಗ ಅವರೂ ನಮ್ಮನ್ನು ಆರಿಸುತ್ತಿರಬಹುದು ಎನ್ನುವುದು ಎಂಟು ವರ್ಷದಲ್ಲಿ ಒಮ್ಮೆಯೂ ನನ್ನ ತಲೆಗೆ ಹೊಳೆದಿರಲಿಲ್ಲ. ಬುದ್ಧಿ ಎಲ್ಲ ಟೇಪಿನ ತುದಿಯಲ್ಲೇ ಇತ್ತು.

ಒಂದು ದಾರಿಯಿತ್ತು. ಭಾವನ ಹೆಬ್ಬೆರಳು ಉಳುಕಿತು ಎಂದು ಡಾಕ್ಟರ ಚೀಟಿ ತರುವುದು. ನಮ್ಮ ಕಸುಬಿನಲ್ಲಿ ಹೆಬ್ಬೆರಳುಗಳು ಬಹಳ ಸಮಯ ನೋಡಿ ಉಳುಕುತ್ತವೆ. ಆದರೆ ಹಿಂದೆ ಸರಿದರೆ ಪಟ್ಟದ ಪಂದ್ಯ ಹೋಯಿತು. ಸರಿಯದಿದ್ದರೆ ಭಾವನನ್ನು ಇಬ್ಬರು ಎತ್ತಿಕೊಂಡು ಬರುವುದನ್ನು ಅಕ್ಕ ಮತ್ತೊಮ್ಮೆ ನೋಡಬೇಕು. ಭಾವನಿಗೆ ಹೇಳೋಣವೆಂದರೆ ಈ ಹದಿನೆಂಟನೆಯವನ ಜೊತೆ ಹಿಂದಿನ ಹದಿನೈದು ಮಂದಿಯ ಕಥೆಯನ್ನೂ ಬಿಚ್ಚಬೇಕು.

ಮಧ್ಯಾಹ್ನ ಭಾವ ಚಡ್ಡಿ ಹಾಕಿ ನೋಡಲು ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ನಿಂತರು. ನಾನು ಮಂಡಿಯೂರಿ ಅಂಚು ಮಡಿಸುತ್ತ, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು, ತಪ್ಪೊಪ್ಪಿಗೆ ಶುರುಮಾಡಿದೆ. ಮುಖ ನೋಡದೆ ಹೇಳಲು ಅದಕ್ಕಿಂತ ಒಳ್ಳೆಯ ಭಂಗಿ ಇಲ್ಲ.

"ಸೂಜಿ ತೆಗೆದು ಮಾತಾಡು," ಎಂದರು ಭಾವ. "ನುಂಗಿಬಿಟ್ಟೀಯ."

ತೆಗೆದು ಹೇಳಿದೆ. ಟೇಪು, ಕೆಂಪು ಚುಕ್ಕೆ, ಫೋನು, ಕಚಗುಳಿ, ಎಲ್ಲ. ಭಾವ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿದ್ದರು.

"ಐದನೆಯವನು ಎಡಗಾಲು ಊರ್ತಿರ್ಲಿಲ್ಲ," ಎಂದರು ಕೊನೆಗೆ. "ಒಂಬತ್ತನೆಯವನ ಭುಜ ಮೇಲೇಳ್ತಿರ್ಲಿಲ್ಲ. ಹದಿಮೂರನೆಯವನು ಎರಡನೇ ರೌಂಡಿಗೇ ಉಬ್ಬಸ ಬಂದೋರ ಥರ ಉಸಿರಾಡ್ತಿದ್ದ. ದಿನಾ ಫ್ರಿಜ್ ಹೊರೋನು ನಾನು. ಖಾಲಿ ಪೆಟ್ಟಿಗೆ ಎತ್ತಿದ್ರೆ ಗೊತ್ತಾಗಲ್ವೇನೋ?"

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಮತ್ತೆ ಯಾಕೆ ಭಾವ ಸುಮ್ಮನಿದ್ರಿ?"

"ನಿಮ್ಮಕ್ಕ ಪಂದ್ಯದ ಹಿಂದಿನ ದಿನಾನೂ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ಲು. ಅದನ್ನ ಯಾಕೆ ಕೆಡಿಸ್ಲಿ?" ಚಡ್ಡಿಯ ಪಟ್ಟಿ ಸರಿಮಾಡಿಕೊಂಡರು. "ಅದೊಂದೇ ಅಲ್ಲ. ಗೆಲ್ಲೋದು ನನಗೂ ಇಷ್ಟ ಆಗ್ತಿತ್ತು. ಜನ ಕೂಗ್ತಾರಲ್ಲ, ಅದು ಖಾಲಿ ಪೆಟ್ಟಿಗೇನೋ ತುಂಬಿದ್ದೋ ಕಿವಿಗೆ ಗೊತ್ತಾಗಲ್ಲ."

"ಹೆಬ್ಬೆರಳು ಉಳುಕಿದೆ ಅಂತ ಹೇಳ್ಬಿಡ್ಲಾ?"

"ಬೇಡ." ಭಾವ ಸ್ಟೂಲಿನಿಂದ ಇಳಿದರು. "ಒಂದು ಸಲ ತುಂಬಿದ್ದು ಎತ್ತಿ ನೋಡ್ತೀನಿ. ನಿಮ್ಮಕ್ಕನಿಗೆ ಹೇಳ್ಬೇಡ."

ಮರುದಿನ ಸಂಜೆ ರಿಂಗಿನ ಮೂಲೆಯಲ್ಲಿ ಕೋಚ್ ಮತ್ತು ನಾನು. ಕೋಚ್ ಬಳಿ ನೀರು, ನನ್ನ ಬಳಿ ಬಿಳಿ ಟವೆಲ್. ಟವೆಲನ್ನು ರಿಂಗಿನೊಳಕ್ಕೆ ಎಸೆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ನಾವು ಸೋತಂತೆ. ಹದಿನೈದು ಪಂದ್ಯಗಳಲ್ಲಿ ಆ ಟವೆಲಿನಿಂದ ನಾನು ಒರೆಸಿದ್ದು ನನ್ನ ಕನ್ನಡಕವನ್ನು ಮಾತ್ರ.

ಮೊದಲ ರೌಂಡಿನಲ್ಲಿ ಭಾವ ಅಭ್ಯಾಸ ಬಲದಿಂದ ಎಡಪಕ್ಕೆಗೆ ಎರಡು ಕೊಟ್ಟರು. ಗುದ್ದಿಗೆ ಕಚಗುಳಿಯಾಗುವುದಿಲ್ಲ ಎಂಬುದು ಆಗ ನನಗೆ ತಿಳಿಯಿತು. ಹಾಲಿನ ಲಾರಿ ನಗಲಿಲ್ಲ, ನೋವನ್ನೂ ತೋರಿಸಲಿಲ್ಲ. ಬಲಗೈಯಿಂದ ಒಂದು ಕೊಟ್ಟ, ಭಾವನ ತಲೆ ಹಿಂದಕ್ಕೆ ಹೋದದ್ದನ್ನು ನಾನು ಮೊದಲ ಸಲ ನೋಡಿದೆ. ಆ ಮೇಲಿನ ರೌಂಡುಗಳನ್ನು ವಿವರಿಸಲು ನನಗೆ ಬರುವುದಿಲ್ಲ. ಅರ್ಧ ಹೊತ್ತು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗಲೆಲ್ಲ ಭಾವ ನಿಂತೇ ಇದ್ದರು, ಹೊಡೆಯುತ್ತಲೂ ಇದ್ದರು. ಒಂದೆರಡು ಸಲ ಆ ಮಹಾಶಯನೂ ಹಗ್ಗಕ್ಕೆ ಒರಗಿದ.

ಎಂಟನೆಯ ರೌಂಡಿನಲ್ಲಿ ಎಡಪಕ್ಕೆಗೆ ಪೆಟ್ಟು ಬಿದ್ದು ಭಾವ ಒಂದು ಮಂಡಿಯೂರಿದರು. ರೆಫರಿ ಎಣಿಸತೊಡಗಿದ. ನನ್ನ ಕೈ ಟವೆಲ್ ಸಮೇತ ಅದಾಗಲೇ ಭುಜದ ಮಟ್ಟಕ್ಕೆ ಎದ್ದಿತ್ತು. ಭಾವ ಅಲ್ಲಿಂದಲೇ ನನ್ನ ಕಡೆ ನೋಡಿದರು. ಬಾಯಲ್ಲಿ ಹಲ್ಲು ಕಾಯುವ ರಬ್ಬರು ಕಚ್ಚಿಕೊಂಡಿದ್ದರಲ್ಲ. ನೋಡಿದರು ಅಷ್ಟೇ. ನನ್ನ ಕೈಯನ್ನು ನಾನು ನಂಬಲಿಲ್ಲ. ಟವೆಲನ್ನು ಕುರ್ಚಿಯ ಮೇಲೆ ಹಾಕಿ ಅದರ ಮೇಲೆ ಕೂತುಬಿಟ್ಟೆ. ಪಕ್ಕದಲ್ಲಿ ಕೋಚ್ "ಕೂರು, ಹಾಗೇ ಕೂರು," ಎಂದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲಿ ಇರಲಿಲ್ಲವೆಂದು ಹೇಳಿದರೆ ನಂಬಬೇಡಿ.

ಏಳು ಎಣಿಸಿದಾಗ ಭಾವ ಎದ್ದರು. ಹತ್ತನೆಯ ರೌಂಡು ಮುಗಿದಾಗಲೂ ನಿಂತಿದ್ದರು. ಅಂಕಗಳಲ್ಲಿ ಸೋತರು, ತಕರಾರಿಗೆ ಜಾಗವೇ ಇರಲಿಲ್ಲ. ಜನ ಎದ್ದು ನಿಂತು ಕೂಗಿದರು. ಹದಿನೇಳು ಗೆಲುವಿಗೂ ಅಂಥ ಕೂಗು ಬಿದ್ದಿರಲಿಲ್ಲ. ಪಟ್ಟದ ಪಂದ್ಯ ಹೋಯಿತು.

ಸಭಾಂಗಣದಿಂದ ಮನೆಗೆ ಮೂರು ಬೀದಿ. ಕಾರು ತರಿಸುತ್ತೇನೆಂದೆ, ಭಾವ ಬೇಡವೆಂದರು. ನನ್ನ ಭುಜದ ಮೇಲೆ ತೋಳು ಹಾಕಿಕೊಂಡು, ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ನಡೆದರು. ಫ್ರಿಜ್ಜು ಹೊರುವುದೆಂದರೇನು ಎಂದು ಆ ದಿನ ನನಗೆ ಗೊತ್ತಾಯಿತು. ಮನೆಯ ಬೀದಿಯ ತಿರುವು ಬಂದಾಗ ನಿಂತು, ಒಂದೆರಡು ಸಲ ಉಸಿರಾಡಿ, ತೋಳನ್ನು ನನ್ನ ಭುಜದಿಂದ ತೆಗೆದರು.

"ನೀನು ಹಿಂದೆ ಬಾ," ಎಂದರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಭಾವ ತಾವೊಬ್ಬರೇ, ಅಂಗಿಯ ಗುಂಡಿ ಸರಿಮಾಡಿಕೊಳ್ಳುತ್ತ, ಬೀದಿಯುದ್ದಕ್ಕೂ ನಡೆದುಕೊಂಡು ಹೋದರು. ಅಕ್ಕ ಅವರ ಊದಿದ ಮುಖ ನೋಡಿದಳು, ನನ್ನನ್ನು ನೋಡಿದಳು, ಬೈಯಲು ಬಾಯಿ ತೆರೆದಳು. ಆಮೇಲೆ ಏನನ್ನಿಸಿತೋ, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ದಾರಿ ಕೊಟ್ಟಳು.

ಇದಾಗಿ ಮೂರು ವಾರಕ್ಕೆ ಅಕ್ಕ ಭಾವನಿಗೊಂದು ಕೋಟು ಹೊಲಿಯಲು ಹೇಳಿದಳು. ಚಡ್ಡಿ ಬಿಟ್ಟು ಬೇರೇನಾದರೂ ಹೊಲಿದು ಕಲಿ ಎಂದಳು. ಭಾವ ಸ್ಟೂಲಿನ ಮೇಲೆ ಕೈ ಎತ್ತಿ ನಿಂತಿದ್ದಾಗ ಫೋನು ಬಂತು. ಬೇರೆ ಊರಿನ ಯಾವುದೋ ತಂಡದವನು. ಅವರ ಹುಡುಗ ಈಗ ಮೇಲೆ ಬರುತ್ತಿದ್ದಾನಂತೆ, ಒಂದು ಒಳ್ಳೆಯ ಪಂದ್ಯ ಬೇಕಂತೆ.

"ನಿಮ್ಮ ಭಾವನ ಅನುಭವಕ್ಕೆ ನಮಗೆ ತುಂಬಾ ಗೌರವ," ಎಂದ.

ಆ ಗೌರವದ ಅಳತೆ ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರಿದ್ದಾರೆ. ಫೋನು ಕಿವಿ ಭುಜಗಳ ನಡುವೆ ಸಿಕ್ಕಿಸಿಕೊಂಡು ಟೇಪನ್ನು ಎದೆಯ ಸುತ್ತ ತಂದೆ. ಎಡಪಕ್ಕೆಗೆ ಬೆರಳು ತಗುಲಿದ ಕೂಡಲೇ ಭಾವ ಉಸಿರು ಬಿಗಿ ಹಿಡಿದರು.

"ನೋವಾ?" ಎಂದೆ ಫೋನಿಗೆ ಕೈ ಅಡ್ಡ ಹಿಡಿದು.

"ಇಲ್ಲ, ಇಲ್ಲ," ಎಂದರು ಭಾವ. ಆಮೇಲೆ ಕನ್ನಡಿಯೊಳಗಿಂದ ನನ್ನನ್ನು ನೋಡಿ, "ಕಚಗುಳಿ," ಎಂದರು. "ಯಾರದು ಫೋನು?"

"ಪಂದ್ಯಕ್ಕೆ ಕರೀತಿದ್ದಾರೆ. ಏನ್ ಹೇಳ್ಲಿ?"

"ಆರಿಸೋನು ನೀನಲ್ವಾ," ಎಂದರು ಭಾವ. "ಆರಿಸು."

ನಾನು ಫೋನಿನಿಂದ ಕೈ ತೆಗೆದೆ. ನಮ್ಮ ಭಾವ ಈಗ ಬಲಗೈಯ ಆಟ ಬಿಟ್ಟಿದ್ದಾರೆ, ಪೂರ್ತಿ ಎಡಚರಾಗಿಬಿಟ್ಟಿದ್ದಾರೆ, ಯಾವ ಕಡೆಯಿಂದ ಹೊಡೆಯುತ್ತಾರೋ ಮನೆಯವರಿಗೇ ತಿಳಿಯುವುದಿಲ್ಲ ಎಂದೆ. ಆ ಕಡೆಯವನು ವಿಚಾರಿಸಿ ಹೇಳುತ್ತೇನೆಂದು ಫೋನು ಇಟ್ಟ. ಭಾವನ ಭುಜಗಳು ಸದ್ದಿಲ್ಲದೆ ಕುಲುಕುತ್ತಿದ್ದವು, ನಗುವುದಕ್ಕೂ ಅವರಿಗೆ ಪಕ್ಕೆ ನೋಯುತ್ತಿತ್ತು.

ಉಸಿರು ಬಿಡಿ ಭಾವ ಎಂದೆ. ಬಿಟ್ಟರು. ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ, ಕೆಂಪು ಪೆನ್ಸಿಲು ಮುಟ್ಟಲಿಲ್ಲ. ಬಟ್ಟೆ ಕತ್ತರಿಸುವಾಗ ಎಡಗಡೆ ಅರ್ಧ ಅಂಗುಲ ಸಡಿಲ ಬಿಟ್ಟೆ.